ಕದ ಹಾಕಿದವರೇ ನೆರಳು ಕೊಡಬೇಕು

ನಾನು ಏಳನೇ ಇಯತ್ತೆ ಕಲಿತವ. ಹಗಲು ಹೊಲ, ರಾತ್ರಿ ಡೊಳ್ಳಿನ ಪದ, ಇಷ್ಟರಾಗೇ ಅರವತ್ತು ವರ್ಷ ದಾಟಿದವು. ಪುಸ್ತಕಕ್ಕ ಏನರ ಬರಕೊಡ್ರಿ ಅಂದಾಗ ಎಲ್ಲಾರೂ ನಾನು ಪದದ ಮ್ಯಾಲೆ ಬರೀತೀನಿ ಅಂತ ತಿಳಕೊಂಡರು. ಪದ ಹಾಡೋದು, ಬರಿಯೋದು ಯಾಕ? ನಾನು ಬರಿಯೋದು ಮೊಲದ ಗೂಡಿನ ಮ್ಯಾಲೆ. ನಗಬ್ಯಾಡ್ರಿ, ಮೊದಲ ಪೂರ್ತಿ ಓದ್ರಿ.

ಇದು ಜಗಳದ ಬರಹ. ಊರಾಗ ಕೆಲವರ ಜೋಡಿ, ಒಂದಿಬ್ಬರು ಗುರುಗಳ ಜೋಡಿ, ಎಲ್ಲಾಕ್ಕಿಂತ ಮೊದಲ ನನ್ನ ಜೋಡಿ ನನಗ ಜಗಳ ಅದ.

ಈಗ ನಾಕೈದು ವರ್ಷದಿಂದ ಸಂತಿಗೆ ಮೊಲ ಮಾರವರು ಬರಾಕ ಹತ್ತ್ಯಾರ. ಮೋಟರ ಸೈಕಲ್ ಹಿಂದ ತಂತಿ ಗೂಡು ಕಟಗೊಂಡು ಬರ್ತಾರ. ಸಣ್ಣ ಹುಡುಗರು ನೋಡಿ ಅಳತಾವ, ತಂದಿ-ತಾಯಿ ಜೋಡಿ ಮೊಲ ಕೊಡಸತಾರ. ಮೊಲದ ಜೋಡಿ ಒಂದು ತಂತಿ ಗೂಡು ಸಿಗತದ, ಎರಡು ಫೂಟು ಉದ್ದ, ಒಂದೂವರಿ ಫೂಟು ಅಗಲ. ಅದನ್ನ ಮನಿ ಮುಂದಿನ ಪತ್ರಾಸ ಕೆಳಗ ಇಡತಾರ. ಮೊದಲ ಎಂಟು ದಿನ ಓಣಿ ಹುಡುಗರೆಲ್ಲಾ ಅಲ್ಲೇ. ತಿಂಗಳಾದ ಮ್ಯಾಲೆ ನೀರು ಹಾಕಾವರೂ ಇಲ್ಲ. ನಮ್ಮ ಓಣಿಯಾಗ ನಾಕು ಮನಿಗೆ ಹಿಂಗ ಮೊಲ ಬಂದವು. ಮಿರಗದ ಮಳಿ ಬೀಳೋ ಹೊತ್ತಿಗೆ ಮೂರು ಮನಿಯಾಗ ಗೂಡು ಖಾಲಿ. ನಾಕನೇ ಮನಿ ನನ್ನದು. ಅಲ್ಲಿ ಒಂದೇ ಒಂದು ಉಳಿದಿತ್ತು.

ನನ್ನದೇ ಮೊದಲ ಹೇಳಿಬಿಡತೀನಿ. ಮೂರು ವರ್ಷದ ಹಿಂದ ಮೊಮ್ಮಗ ಹಟ ಮಾಡಿದ ಅಂತ ನಾಕು ಮರಿ ತಂದೆ. ಮಾರಾಂವ, ‘ಇವು ಸಾದಾ ಮೊಲ ಅಲ್ಲರಿ ಕಾಕಾ, ಚಿಂಚಿಲಾ ಜಾತಿ’ ಅಂದ. ಬೂದಿ ಬಣ್ಣ, ಕೂದಲ ಒಳಗ ಊದಿದರ ಬುಡಕ್ಕ ಒಂದು ಬಣ್ಣ, ತುದಿಗೆ ಒಂದು ಬಣ್ಣ. ಚಂದ ಇದ್ದವು. ದನದ ಮನಿಗೆ ಹೊಸದಾಗಿ ಪತ್ರಾಸ ಹೊದಿಸಿದ್ದೆ, ಅದರ ಕೆಳಗ ಗೂಡು ಇಟ್ಟೆ. ನೆರಳು ಅದ, ಇನ್ನೇನು ಬೇಕು ಅಂದಕೊಂಡೆ.

ಮೇ ತಿಂಗಳು. ಒಂದು ಜಾತ್ರಿಗೆ ಹಾಡಿಕಿಗೆ ಹೋಗಿ ಬೆಳತನ ಡೊಳ್ಳು ಬಾರಿಸಿ, ಮರುದಿವಸ ಮಧ್ಯಾಹ್ನ ಎರಡು ಗಂಟೆಕ್ಕ ಮನಿಗೆ ಬಂದೆ. ಜತ್ತ ತಾಲೂಕಿನ ಮೇ ತಿಂಗಳ ಬಿಸಲು ನಿಮಗೇನು ಹೇಳೋದು? ಹೊರಗ ನಾಲ್ವತ್ತು ಡಿಗ್ರಿ ದಾಟಿರತದ, ಪತ್ರಾಸ ಕೆಳಗ ಅದಕ್ಕೂ ಹೆಚ್ಚು. ಪತ್ರಾಸಕ್ಕ ಕೈ ಹಚ್ಚಿದರ ಹಂಚಿಗೆ ಹಚ್ಚಿದಂಗ ಸುಡತದ. ಗೂಡಿನಾಗ ಮೂರು ಮೊಲ ಮಗ್ಗಲಾಗಿ ಕಾಲು ಚಾಚಿ ಬಿದ್ದಿದ್ದವು. ಬಾಯಿ ತೆರದಿತ್ತು, ಗದ್ದ ತೊಯ್ದಿತ್ತು. ಮನಿಯಾಕಿ ಹೊರಗ ಬಂದು, ‘ನಾ ನೋಡೋದ್ರಾಗ ಹೋಗಿದ್ದವು ನೋಡ್ರಿ. ಒಂದರಾಗ ಜೀವ ಇತ್ತು, ಒಳಗ ಹರವಿ ಹತ್ತರ ಇಟ್ಟೀನಿ’ ಅಂದಳು. ಹಳೆ ಮಾಳಿಗಿ ಮನಿ ನಮ್ಮದು. ಎರಡು ಮೊಳ ದಪ್ಪನ ಗ್ವಾಡಿ, ಮ್ಯಾಲೆ ಮಣ್ಣು. ನೀರಿನ ಹರವಿ ಬುಡಕ ಯಾವಾಗಲೂ ತಂಪು. ಅಲ್ಲಿ ಒದ್ದಿ ನೆಲದ ಮ್ಯಾಲೆ ಆ ಒಂದು ಮೊಲ ಹೊಟ್ಟಿ ಹಚ್ಚಿ ಮಲಗಿತ್ತು. ಸಂಜಿಗೆ ಎದ್ದು ಕರಿಕಿ ತಿಂತು.

ಮೊಮ್ಮಗ ಒಂದು ಮಾತು ಕೇಳಿದ: ‘ಮುತ್ಯಾ, ಗೂಡಿನಾಗ ನೀರಿತ್ತಲ್ಲ, ಮತ್ತ್ಯಾಕ ಸತ್ತವು?’ ನಾ ಹೋಗಿ ಆ ನೀರಾಗ ಬಟ್ಟ ಅದ್ದಿ ನೋಡಿದೆ. ಪತ್ರಾಸ ಸಂದಿಯಿಂದ ಬಿಸಲು ನೇರ ಬಟ್ಟಲ ಮ್ಯಾಲೆ ಬೀಳತಿತ್ತು. ನೀರು ಜಳಕಕ್ಕ ಕಾಸಿದಷ್ಟು ಬಿಸಿ ಇತ್ತು. ಹುಡುಗನಿಗೆ ಏನೂ ಹೇಳಲಿಲ್ಲ. ಆವಾಗ ಹೇಳದ್ದನ್ನ ಈಗ ಬರೀತೀನಿ.

ಮೊಲಕ್ಕ ನಮ್ಮಂಗ ಬೆವರು ಬರಂಗಿಲ್ಲ. ಮೈಯಾಗಿನ ಕಾವು ಹೆಚ್ಚಾಗಿ ಕಿವಿಯಿಂದ ಹೊರಗ ಹಾಕತದ. ಅದಕ್ಕ ಆ ಕಿವಿ ಅಷ್ಟು ದೊಡ್ಡವು, ಅದರಾಗ ಅಷ್ಟು ನರ. ಸುತ್ತಲಿನ ಹವಾ ಮೂವತ್ತು ಡಿಗ್ರಿ ಮ್ಯಾಲೆ ಹೋದರ ಅದಕ್ಕ ತ್ರಾಸು ಸುರು. ನಾಲ್ವತ್ತರಾಗ ಗಾಳಿನೇ ಬಿಸಿ ಇದ್ದರ ಕಿವಿ ಕಾವು ಯಾರಿಗೆ ಕೊಟ್ಟೀತು?

ಇನ್ನ ಆ ‘ಚಿಂಚಿಲಾ’ ಹೆಸರಿನ ಮಾತು. ವಾಚನಾಲಯದಾಗ ಒಬ್ಬ ಗುರುಗಳು ಪುಸ್ತಕ ತೆಗೆದು ನನಗೆ ಓದಿ ಹೇಳಿದರು. ಖರೇ ಚಿಂಚಿಲಾ ಮೊಲ ಅಲ್ಲವೇ ಅಲ್ಲ. ಅದು ಇಲಿ, ಅಳಿಲು ಇವುಗಳ ಕುಲದ್ದು. ದಕ್ಷಿಣ ಅಮೇರಿಕಾದಾಗ ಆಂಡಿಸ್ ಅನ್ನೋ ಬೆಟ್ಟದ ಸಾಲು ಅದ, ಅಲ್ಲಿ ಕಲ್ಲಿನ ಸಂದಿಯಾಗ ಗುಂಪುಗಟ್ಟಿ ಇರತದ. ಒಣ ಥಂಡಿ ಹವಾ. ನಮಗ ಒಂದು ಬೇರಿಗೆ ಒಂದು ಕೂದಲು ಹುಟ್ಟಿದರ ಅದಕ್ಕ ಒಂದು ಬೇರಿಗೆ ಐವತ್ತರ ಮ್ಯಾಲೆ. ಆ ಚರ್ಮದ ಆಸೆಗೆ ಮಂದಿ ಅದರ ಕುಲಾನೇ ಅಳಸಾಕ ಬಂದಿದ್ದರು. 1910ರಾಗ ಚಿಲಿ, ಪೆರು, ಬೊಲಿವಿಯಾ, ಅರ್ಜೆಂಟೀನಾ ಈ ನಾಕೂ ದೇಶ ಕೂಡಿ ಬ್ಯಾಟಿ ನಿಲ್ಲಸಾಕ ಒಪ್ಪಂದ ಮಾಡಿಕೊಂಡವು. ಆ ಪ್ರಾಣಿಯ ಬಣ್ಣ ಹೋಲತದ ಅಂತ ಒಂದು ಮೊಲದ ಜಾತಿಗೆ ಅದರ ಹೆಸರು ಇಟ್ಟರು. ಅದರಿಂದ ಸೋವಿಯತ್ ದೇಶದಾಗ ಬೆಳೆಸಿದ್ದು ಸೋವಿಯತ್ ಚಿಂಚಿಲಾ. ನಮ್ಮ ದೇಶದಾಗ ಮಾಂಸಕ್ಕಂತ ಸಾಕೋ ಮೊಲದಾಗ ಅದೂ ಒಂದು.

ಆ ಗುರುಗಳು ಓದಿದ್ದರಾಗ ಒಂದು ಸಂಗತಿ ನನ್ನ ಮನಸಿನಾಗ ನಿಂತದ. ಚಾಪ್ಮನ್ ಅಂತ ಒಬ್ಬ ಗಣಿ ಇಂಜಿನಿಯರ್ 1923ರಾಗ 11 ಚಿಂಚಿಲಾ ಅಮೇರಿಕಾಕ್ಕ ಒಯ್ದ. ಚರ್ಮದ ವ್ಯಾಪಾರಕ್ಕಂತನೇ ಒಯ್ದ, ದಯಾ ಅಂತ ಅಲ್ಲ. ಆದರೂ ಅವನ್ನ ಬೆಟ್ಟದಿಂದ ಒಮ್ಮೆಲೆ ಕೆಳಗ ಇಳಸಲಿಲ್ಲ. ಸ್ವಲ್ಪ ಸ್ವಲ್ಪ ಇಳಿಸಿ, ಅಲ್ಲಲ್ಲಿ ತಡೆದು, ಹವಾ ರೂಢಿ ಮಾಡಿಸಿದ. ದಾರಿಯಾಗ ಕಾವು ತಾಗಬಾರದು ಅಂತ ಗೂಡಿಗೆ ಬರ್ಫ ಇಟ್ಟ. ಚರ್ಮ ಸುಲಿಯಾಂವ ಬರ್ಫ ಇಟ್ಟ. ಪ್ರೀತಿ ಅಂತ ತಂದ ನಾನು ಕಾದ ಪತ್ರಾಸ ಕೆಳಗ ಇಟ್ಟೆ. ಯಾರು ಹೆಚ್ಚು ಕಠೋರ ನೀವೇ ಹೇಳ್ರಿ.

ಈಗ ದೊಡ್ಡ ಊರಾಗ ಶೋಕಿಗೆ ಖರೇ ಚಿಂಚಿಲಾನೂ ಸಾಕತಾರ. ಅದಕ್ಕ ಹದಿನೈದರಿಂದ ಇಪ್ಪತ್ತು-ಇಪ್ಪತ್ತೊಂದು ಡಿಗ್ರಿ ತಂಪು ಬೇಕು. ಇಪ್ಪತ್ತೈದು ದಾಟಿದರ ಅಪಾಯ. ಮೈಗೆ ನೀರು ಹಾಕಂಗಿಲ್ಲ, ಸಣ್ಣನ ಬೂದಿಯಂಥ ಧೂಳಿನಾಗ ಹೊಳ್ಳ್ಯಾಡಿ ಮೈ ಸ್ವಚ್ಛ ಮಾಡಿಕೊಳ್ಳತದ. ಎತ್ತರದ ಗೂಡು ಬೇಕು, ಜಿಗಿಯಾಕ ಕಟಗಿ ಹಲಗಿ ಬೇಕು, ಪ್ಲಾಸ್ಟಿಕ್ ಇದ್ದರ ಕಡಿದು ನುಂಗತದ. ಹತ್ತು ಹದಿನೈದು ವರ್ಷ ಬಾಳೋ ಜೀವ. ಅಷ್ಟು ವರ್ಷ ಹಗಲೂ ರಾತ್ರಿ ಏಸಿ ನಡಸಬೇಕು, ಕರೆಂಟ ಹೋಗಬಾರದು. ನಮ್ಮ ಕಡೆ ಮೂರು ಫೇಜ್ ಕರೆಂಟ ಯಾವಾಗ ಬರತದ ಅಂತ ಮೋಟರ ಚಾಲೂ ಮಾಡಾಕ ರಾತ್ರಿ ಎದ್ದು ಕೂಡೋ ಮಂದಿ ನಾವು. ಪುಣೆದಾಗಿರೋ ನಮ್ಮ ಹುಡುಗರು ಯಾರರ ‘ಒಂದು ಚಿಂಚಿಲಾ ಊರಿಗೆ ತರಲೇನು’ ಅಂತ ಫೋನ್ ಮಾಡಿದರ ಒಂದೇ ಮಾತು ಹೇಳ್ರಿ: ಪ್ರಾಣಿ ತರತಿ, ಅದರ ಊರಿನ ಹವಾ ತರತಿ ಏನು? ತರಾಕ ಆಗದಿದ್ದರ ಬ್ಯಾಡ. ಅದು ನಮ್ಮ ನಾಡಿನಾಗ ಬಾಳೋ ಜೀವ ಅಲ್ಲ.

ಮೊಲ ಹಂಗಲ್ಲ. ಮನಸು ಮಾಡಿದರ ನಮ್ಮಲ್ಲಿ ಬಾಳತದ. ಆದರ ಊರಾಗ ಈ ಮಾತು ತೆಗೆದಾಗ ನನಗ ನಾಕು ನಮೂನಿ ಉತ್ತರ ಬಂದವು. ಒಂದೊಂದಕ್ಕೂ ಜವಾಬು ಕೊಡತೀನಿ.

ಮೊದಲನೇದು: ‘ಅಡವಿ ಮೊಲ ಬಿಸಲಾಗೇ ಇರತಾವಲ್ಲೋ, ಅವಕ್ಕ ಯಾರು ಛಪ್ಪರ ಹಾಕ್ಯಾರ?’ ಹೌದು, ಯಾರೂ ಹಾಕಿಲ್ಲ. ನಮ್ಮ ಅಡವಿ ಮೊಲ ಹಗಲೆಲ್ಲಾ ಕಂಟಿ ಬುಡಕ, ಹುಲ್ಲಿನ ಮರಿಗೆ ಅಡಗಿ ಮಲಗತದ, ಮುಂಜಾನಿ ಸಂಜಿಗೆ ಹೊರಗ ಬರತದ. ಬಿಸಲು ಸರದಂಗ ತಾನೂ ಸರೀತದ. ಸಾಕು ಮೊಲ ಅದಕ್ಕಿಂತ ಬ್ಯಾರೆ ಕುಲ, ಅದರ ಹಿರೇರು ನೆಲದಾಗ ಬಿಲ ತೋಡಿ ತಂಪಿನಾಗ ಇರವು. ಎರಡಕ್ಕೂ ತಮ್ಮ ನೆರಳು ತಾವು ಹುಡುಕೋ ಕಾಲು ಇದ್ದವು. ನಾವು ಗೂಡಿನಾಗ ಹಾಕಿ ಚಿಲಕ ಜಡಿದ ಕೂಡಲೆ ಆ ಕಾಲು ಇದ್ದೂ ಇಲ್ಲದಂಗ ಆದವು. ಅಂದಮ್ಯಾಲೆ ಆ ಕಾಲು ಮಾಡೋ ಕೆಲಸ ಎಲ್ಲಾ ನಾವು ಮಾಡಬೇಕು. ನೆರಳಿಗೆ ಅದು ಹೋಗಂಗಿಲ್ಲ, ನೆರಳು ನಾವು ತರಬೇಕು. ನೀರಿಗೆ ಹೋಗಂಗಿಲ್ಲ, ನೀರು ತರಬೇಕು. ನಾಯಿ ಬಂದರ ಓಡಂಗಿಲ್ಲ, ನಾಯಿ ಬರದಂಗ ನೋಡಿಕೋಬೇಕು. ಇದು ದಯಾ ಅಲ್ಲ, ದಾನ ಅಲ್ಲ. ಚಿಲಕ ಹಾಕಿದ ದಿವಸ ನಾವು ಮಾಡಿಕೊಂಡ ಸಾಲ.

ಎರಡನೇದು: ‘ಮನುಷ್ಯಾರಿಗೇ ಸರಿಯಾದ ಮನಿ ಇಲ್ಲ, ಮೊಲಕ್ಕ ಬಂಗಲೆ ಕಟ್ಟಬೇಕೇನು?’ ಈ ಮಾತು ಹೇಳಿದವನ ಮ್ಯಾಲೆ ನನಗ ಸಿಟ್ಟಿಲ್ಲ. ಅವನ ಮನಿನೂ ಪತ್ರಾಸಿಂದೇ. ನಾನೂ ಬರಗಾಲದಾಗ ಕಬ್ಬು ಕಡಿಯಾಕ ಪಶ್ಚಿಮಕ್ಕ ಹೋಗಿ ರವದಿ ಗುಡಸಲದಾಗ ತಿಂಗಳಗಟ್ಟಲೆ ಇದ್ದಾಂವ. ಆದರ ಮಧ್ಯಾಹ್ನ ತಾಳಲಿಲ್ಲ ಅಂದರ ಎದ್ದು ಹೋಗಿ ಗಿಡದ ಕೆಳಗ ಕೂಡತಿದ್ದೆವು. ಹೊರಗಿಂದ ಯಾರೂ ನಮಗ ಚಿಲಕ ಹಾಕಿರಲಿಲ್ಲ. ಬಡತನ ನನಗೂ ಗೊತ್ತದ. ಬಂಗಲೆ ಕಟ್ಟು ಅಂತ ನಾನು ಅನ್ನಂಗಿಲ್ಲ. ಕಟ್ಟಾಕ ಆಗದಿದ್ದರ ತರಬ್ಯಾಡ ಅಂತೀನಿ. ಮೊಲ ನಮ್ಮ ಮನಿಗೆ ತಾನಾಗಿ ನಡದು ಬಂದಿಲ್ಲ.

ಮೂರನೇದು: ‘ನಾಳೆ ಕೊಯ್ಯೋ ಪ್ರಾಣಿಗೆ ಇಂದು ಇಷ್ಟು ಉಪಚಾರ ಯಾಕ?’ ತಿನ್ನೋದು ಬ್ಯಾಡ ಅಂತ ನಾನು ಹೇಳಾಕ ಬಂದಿಲ್ಲ. ಆದರ ನಮ್ಮ ಕುರುಬರನ್ನ ನೋಡ್ರಿ. ಮಾಡಗ್ಯಾಳ ಕುರಿ ಅಂದರ ಸಾಂಗಲಿ ಜಿಲ್ಲಾದಾಗೆಲ್ಲಾ ಹೆಸರು. ಅವರೂ ಕುರಿ ಸಂತಿಗೆ ಹೊಡೀತಾರ, ಅದು ಕೊಯ್ಯಾಕೇ ಹೋಗತದ. ಆದರ ಮಧ್ಯಾಹ್ನ ಬಿಸಲಾಗ ಕುರಿ ಒಂದರ ಹೊಟ್ಟಿ ಕೆಳಗ ಒಂದು ತಲಿ ಹಾಕಿ ನಿಂತಾಗ, ಕುರುಬ ಹಿಂಡು ಗಿಡದ ನೆರಳಿಗೆ ತರುಬತಾನ. ದಡ್ಡಿ ಹಾಕೋ ಜಾಗ ಉಚ್ಚಿ ಹಿಕ್ಕಿಯಿಂದ ಹಸಿ ಆದರ ದಡ್ಡಿ ಬದಲಸತಾನ. ಎಳೆ ಮರಿ ಬಿಸಲಾಗ ಅಡ್ಡಾಡಬಾರದು ಅಂತ ಬುಟ್ಟಿಯಾಗ ಮುಚ್ಚಿ ನೆರಳಿಗೆ ಇಡತಾನ. ಡೊಳ್ಳಿನ ಪದದಾಗ ನಾವು ಯಾರ ಕತಿ ಹಾಡತೀವಿ? ಕುರಿ ಕಾಯ್ದವರ ಕತಿನೇ ಹಾಡತೀವಿ. ರಾತ್ರಿ ಅವರ ಹೆಸರು ಹಾಡಿ, ಹಗಲು ಮೂರು ಮೊಲ ಸುಟ್ಟು ಕೊಂದ ನನಗ ಇದು ತಿಳಿಲಿಲ್ಲಲ್ಲ ಅಂತ ಈಗೂ ಹೊಟ್ಟಿ ಉರೀತದ.

ನಾಕನೇದು ಗುರುಗಳ ಮಾತು: ‘ಮಕ್ಕಳಿಗೆ ಪ್ರಾಣಿ ಮ್ಯಾಲೆ ಪ್ರೀತಿ ಬರಲಿ ಅಂತ ಸಾಲಿಯಾಗ ಇಟ್ಟೀವಿ.’ ಸಿಟ್ಟಾಗಬ್ಯಾಡ್ರಿ ಗುರುಗಳೇ, ನಾನು ಸಣ್ಣ ಮನುಷ್ಯ. ಒಂದು ಸಾಲಿಯಾಗ ನಾನು ಕಣ್ಣಾರೆ ನೋಡೀನಿ. ಪಡಸಾಲ್ಯಾಗ ಗ್ವಾಡಿ ಮ್ಯಾಲೆ ಪ್ರಾಣಿದಯೆ ಅಂತ ಚಂದಾಗಿ ಬರದಾರ, ಕೆಳಗ ತಂತಿ ಗೂಡಿನಾಗ ಎರಡು ಮೊಲ. ಹುಡುಗರು ಕಡ್ಡಿಲೇ ಚುಚ್ಚತಾವ, ಕಿವಿ ಹಿಡದು ಎತ್ತತಾವ. ಮೊಲದ ಕಿವಿ ಹಿಡದು ಎತ್ತೋದು ಭಾಳ ಕೆಟ್ಟ ರೂಢಿ. ಒಂದು ಕೈ ಎದಿಗೆ, ಒಂದು ಕೈ ಹಿಂಭಾಗಕ್ಕ ಕೊಟ್ಟು ಎತ್ತಬೇಕು, ಇಲ್ಲಂದರ ಒದ್ದಾಡಿ ತನ್ನ ಬೆನ್ನೆಲುಬು ತಾನೇ ಮುರಕೊಳ್ಳತದ. ಬ್ಯಾಸಗಿ ಸೂಟಿ ಬಿಟ್ಟಾಗ ಅವಕ್ಕ ನೀರು ಯಾರು ಹಾಕಾವರು ಅಂತ ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿದರು. ಆ ಮಕ್ಕಳು ಅಲ್ಲಿ ಕಲಿಯೋದೇನು? ಗ್ವಾಡಿ ಮ್ಯಾಲಿನ ಮಾತು ಬ್ಯಾರೆ, ಗೂಡಿನ ಒಳಗಿನ ಮಾತು ಬ್ಯಾರೆ ಅಂತ ಕಲೀತಾವ. ಅದಕ್ಕಿಂತ ಮೊಲ ಇಲ್ಲದ ಸಾಲಿ ಚಲೋ. ಇಡಬೇಕು ಅಂದರ ಸೂಟಿಯಾಗಿನ ಪಾಳಿ ಮೊದಲ ಬರೀರಿ, ಆಮ್ಯಾಲೆ ಮೊಲ ತರ್ರಿ.

ಕಾಯ್ದೆನೂ ಈ ಮಾತೇ ಹೇಳತದ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಅಂತ ಅದ. ಅದರ 11ನೇ ಕಲಮಿನ ಪ್ರಕಾರ, ಪ್ರಾಣಿ ಸರಿಯಾಗಿ ಅಡ್ಡಾಡಾಕ ಆಗದಷ್ಟು ಸಣ್ಣ ಪಂಜರದಾಗ ಅದನ್ನ ಕೂಡಿಹಾಕೋದು ಗುನ್ಹೆ. ಸಾಕಿದ ಪ್ರಾಣಿಗೆ ಬೇಕಾದಷ್ಟು ಅನ್ನ, ನೀರು, ಆಸರ ಕೊಡದಿರೋದೂ ಗುನ್ಹೆ. ಅಡವಿ ಮೊಲ ಮತ್ತ ನಮ್ಮ ಹಸಿರು ಗಿಣಿ ಹಿಡದು ಸಾಕೋದಂತೂ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಪೂರ್ತಿ ಬಂದ್. ಆದರ ಪೊಲೀಸರ ಅಂಜಿಕಿಗೆ ಗೂಡು ದೊಡ್ಡದು ಮಾಡ್ರಿ ಅಂತ ನಾನು ಹೇಳಂಗಿಲ್ಲ. ಮೊಲದ ಗೂಡು ನೋಡಾಕ ಯಾವ ಪೊಲೀಸರು ಬರತಾರ? ನಾವೇ ನೋಡಬೇಕು.

ಬರೇ ಬೈದರ ಆಗಂಗಿಲ್ಲ, ಹೆಂಗ ಮಾಡಬೇಕು ಅಂತನೂ ಹೇಳಬೇಕು. ಉಳಿದ ಆ ಒಂದು ಮೊಲಕ್ಕ, ಅದರ ಜೋಡಿಗೆ ಆಮ್ಯಾಲೆ ತಂದ ಇನ್ನೊಂದು ಹೆಣ್ಣಿಗೆ, ನಾನು ಕಟ್ಟಿದ ಗೂಡು ಹಿಂಗದ. ಒಂಟಿ ಮೊಲ ಸೊರಗತದ, ಎರಡು ಇರಬೇಕು. ಆದರ ಗಂಡು-ಹೆಣ್ಣು ಕೂಡಿಸಿ ಇಟ್ಟರ ತಿಂಗಳಿಗೊಮ್ಮೆ ಮರಿ ಹಾಕಿ ಗೂಡು ಸಂತಿ ಆಗತದ. ಎರಡು ಗಂಡು ಕೂಡಿಸಿದರ ಕಚ್ಚಾಡತಾವ.

ಉದ್ದ ಆರು ಫೂಟು, ಅಗಲ ಎರಡೂವರಿ, ಎತ್ತರ ಎರಡೂವರಿ. ಮೊಲ ಮೂರು ಸಲ ಜಿಗಿಯಬೇಕು. ಹಿಂಗಾಲ ಮ್ಯಾಲೆ ಎದ್ದು ನಿಂತರ ಕಿವಿ ಮ್ಯಾಲೆ ತಾಗಬಾರದು. ನಾಕು ಜಾಲಿ ಗೂಟದ ಮ್ಯಾಲೆ ನೆಲದಿಂದ ಎರಡೂವರಿ ಫೂಟು ಎತ್ತರಕ್ಕ ಇಟ್ಟೀನಿ. ಗೂಟದ ಬುಡಕ ನೀರಿನ ಡಬ್ಬಿ ಇಟ್ಟರ ಇರಬಿ ಏರಂಗಿಲ್ಲ. ಗೂಡಿನ ಉದ್ದ ಪೂರ್ವ-ಪಶ್ಚಿಮಕ್ಕ ಇರಬೇಕು. ಹಂಗಾದರ ಮುಂಜಾನಿ ಸಂಜಿ ಬಿಸಲು ಸಣ್ಣ ಗ್ವಾಡಿಗೆ ಅಷ್ಟೇ ಬಡೀತದ. ಪಶ್ಚಿಮದ ಗ್ವಾಡಿಗೆ ಕಣಕಿ ತಟ್ಟಿ ಕಟ್ಟೀನಿ. ಇದೆಲ್ಲಾ ಬೇವಿನ ಗಿಡದ ಕೆಳಗ. ಗಿಡದ ನೆರಳಿಗೆ ಸಮ ಯಾವ ಛಪ್ಪರೂ ಇಲ್ಲ.

ಮ್ಯಾಲೆ ಕಣಕಿ, ಒಂದು ಮೊಳ ದಪ್ಪ. ಮಳಿಗೆ ಪತ್ರಾಸ ಬೇಕೇ ಬೇಕು ಅಂದರ ಹಾಕ್ರಿ, ಆದರ ಪತ್ರಾಸಕ್ಕೂ ಕಣಕಿಗೂ ನಡುವ ಒಂದು ಗೇಣು ಸಂದಿ ಬಿಡ್ರಿ. ಆ ಸಂದಿಯಾಗ ಗಾಳಿ ಆಡಿ ಕಾವು ಹೊರಗ ಹೋಗತದ.

ತಳ ಎಲ್ಲಾ ತಂತಿ ಇರಬಾರದು. ಮೊಲದ ಕಾಲಿಗೆ ನಾಯಿ ಬೆಕ್ಕಿನಂಗ ಮೆತ್ತನ ಗದ್ದಗಿ ಇಲ್ಲ, ಬರೇ ಕೂದಲು. ತಂತಿ ಮ್ಯಾಲೆ ದಿನಾ ಕೂತರ ಹಿಂಗಾಲ ಹುಣ್ಣಾಗಿ ಕೀವು ತುಂಬತಾವ. ಅರ್ಧ ತಳಕ್ಕ ಹಲಗಿ ಹಾಕಿ ಮ್ಯಾಲೆ ಒಣ ಹುಲ್ಲು ಹಾಸ್ರಿ, ಉಳಿದ ಅರ್ಧಕ್ಕ ಸಣ್ಣ ಜಾಳಿ ಇದ್ದರ ಹಿಕ್ಕಿ ಕೆಳಗ ಬೀಳತದ. ಆ ಹಿಕ್ಕಿ ಹೊಲಕ್ಕ ಚಲೋ ಗೊಬ್ಬರ. ದಿನಾ ಬಳೀಬೇಕು. ಗೂಡಿನ ಮುಂದ ನಿಂತಾಗ ಉಚ್ಚಿ ನಾತಕ್ಕ ನಿಮ್ಮ ಕಣ್ಣು ಉರಿದರ, ಅದರಾಗೇ ಇರೋ ಜೀವದ ಪುಪ್ಪಸ ಏನಾಗಿರಬೇಕು?

ಮುಂದಿನ ಜಾಳಿ ಅರ್ಧ ಇಂಚಿಂದು, ಗಟ್ಟಿ ತಂತಿದು ಇರಲಿ. ಕೋಳಿ ಜಾಳಿ ನಾಯಿ ಹರೀತದ, ದೊಡ್ಡ ಕಣ್ಣಿದ್ದರ ಹಾವು ಹೊಗತದ, ಮುಂಗಲಿ ಕೈ ಹಾಕತದ. ಒಳಗ ಒಂದು ಕತ್ತಲ ಪೆಟಗಿ ಇಡ್ರಿ, ಒಂದು ಕಡೆ ಬಾಯಿ ತೆರದದ್ದು. ಮೊಲ ಅಂಜುಬುರುಕ ಪ್ರಾಣಿ. ನಾಯಿ ಮುಟ್ಟದಿದ್ದರೂ, ಅಡಗಾಕ ಜಾಗ ಇಲ್ಲದ ಮೊಲ ಬರೇ ಅಂಜಿ ಸಾಯತದ. ಅದರ ಹಲ್ಲು ಸಾಯೋತನ ಬೆಳೀತಾವ, ಅದಕ್ಕ ಕಡಿಯಾಕ ಬೇವಿನ ಟೊಂಗಿ ಹಾಕ್ರಿ. ಊಟಕ್ಕ ಹೆಚ್ಚಾಗಿ ಹುಲ್ಲು. ನೀರು ಭಾರದ ಮಣ್ಣಿನ ಬಟ್ಟಲದಾಗ, ನೆರಳಿನಾಗ, ಬ್ಯಾಸಗಿಯಾಗ ದಿನಕ್ಕ ಮೂರು ಸಲ ಬದಲಿ ಮಾಡ್ರಿ.

ಏಪ್ರಿಲ್, ಮೇ ತಿಂಗಳಾಗ ಗಾಳಿ ಬರೋ ಕಡೆ ತಟ್ಟಿನ ಚೀಲ ತೋಯಿಸಿ ಕಟ್ಟ್ರಿ, ಒಳಗ ಒಂದು ಒದ್ದಿ ಹಂಚು ಇಡ್ರಿ. ಮೊಲ ಅದರ ಮ್ಯಾಲೆ ಹೋಗಿ ತಾನೇ ಮಲಗತದ. ಬಾಯಿ ತೆರದು ಏದುಸಿರು ಬಿಟ್ಟರ ತಡ ಮಾಡದ ತಂಪಿನ ಕೋಣಿಗೆ ಒಯ್ಯ್ರಿ, ಕಿವಿಗೆ ತಣ್ಣೀರು ಸವರ್ರಿ. ಬರ್ಫದ ನೀರು ಮೈಮ್ಯಾಲೆ ಸುರಿಬ್ಯಾಡ್ರಿ. ಆಮ್ಯಾಲೆ ದನದ ಡಾಕ್ಟರಿಗೆ ತೋರಿಸ್ರಿ.

ಇದರಾಗ ಕೊಂಡು ತಂದದ್ದು ಜಾಳಿ, ಮೊಳಿ, ಎರಡು ಹಲಗಿ, ಇಷ್ಟೇ. ಉಳಿದದ್ದು ನಮ್ಮ ಹೊಲದಾಗೇ ಇತ್ತು. ರೊಕ್ಕ ಇಲ್ಲ ಅನ್ನೋ ಮಾತು ಇಲ್ಲಿ ನಡಿಯಂಗಿಲ್ಲ.

ಹಳೆ ಮಾಳಿಗಿ ಮನಿಗೇ ಎಲ್ಲಾರೂ ಹೊಳ್ಳಿ ಹೋಗ್ರಿ ಅಂತ ನಾನು ಹೇಳಾಕ ಹತ್ತಿಲ್ಲ. ಮಾಳಿಗಿ ಮಳಿಗಾಲದಾಗ ಸೋರತದ, ವರ್ಷಾ ಮಣ್ಣು ಹಾಕಬೇಕು, ಇದು ಅದರಾಗ ಹುಟ್ಟಿದ ನನಗ ಗೊತ್ತದ. ಪತ್ರಾಸ ಬೈಯೋದೂ ನನ್ನ ಉದ್ದೇಶ ಅಲ್ಲ. ಆದರ ಪತ್ರಾಸ ಹಾಕಿದ ಮ್ಯಾಲೆ ಅದರ ಕೆಳಗ ಕಟ್ಟಿದ ಜೀವಕ್ಕ ಏನಾಗತದ ಅಂತ ಯಾರೂ ಕೈ ಹಚ್ಚಿ ನೋಡಲಿಲ್ಲಲ್ಲ, ಅದರ ಮ್ಯಾಲೆ ನನ್ನ ಸಿಟ್ಟು. ಎಮ್ಮಿ ಅಲ್ಲೇ ಕಟ್ಟಿದ್ದೆ. ಅದಕ್ಕೂ ಈಗ ಕಣಕಿ ಹೊದಿಸೀನಿ.

ಕೊನಿಗೆ ಒಂದು ವಿನಂತಿ. ಮೊಲ ತರೋದಕ್ಕಿಂತ ಮೊದಲ, ಗೂಡು ಇಡಬೇಕು ಅಂದ ಜಾಗದಾಗ ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಕ್ಕ ಹೋಗಿ ಕೂಡ್ರಿ. ಬನಿಯನ್ ಮ್ಯಾಲೆ ಅಲ್ಲ, ಕಂಬಳಿ ಹೊತಗೊಂಡು ಕೂಡ್ರಿ, ಯಾಕಂದರ ಮೊಲ ತನ್ನ ಕಂಬಳಿ ತಗದು ಇಡಾಕ ಆಗಂಗಿಲ್ಲ. ಒಂದು ತಾಸು ಏಳಬ್ಯಾಡ್ರಿ. ತಡಕೊಂಡರ ಮೊಲ ತರ್ರಿ, ಗೂಡು ಕಟ್ಟಾಕ ನಾನೂ ಬರತೀನಿ, ಕೂಲಿ ಬ್ಯಾಡ. ತಡಿಲಿಲ್ಲ ಅಂದರ ಸಂತಿಯಾಗ ಹುಡುಗ ಅತ್ತರೂ ಅಳಲಿ, ಒಂದು ಐಸ್ಕ್ಯಾಂಡಿ ಕೊಡಿಸಿ ಮನಿಗೆ ಕರಕೊಂಡು ಬರ್ರಿ.

ನನ್ನ ಮೊಮ್ಮಗ ಈಗ ಐದನೇ ಇಯತ್ತೆ. ಸಾಲಿಗೆ ಹೋಗೋದಕ್ಕ ಮೊದಲ ಬಟ್ಟಲದ ನೀರಾಗ ಬಟ್ಟ ಅದ್ದಿ ನೋಡಿ ಹೋಗತಾನ. ನಾನು ಕಲಿಸಿದ್ದಲ್ಲ, ಅವನೇ ರೂಢಿ ಮಾಡಿಕೊಂಡಾನ. ತಪ್ಪು ಬರದಿದ್ದರ ಹಿರಿಯರು ತಿದ್ದಬೇಕು.